ದಂಡೆಗೆ ಬಂದ ಹಡಗು

ಸಮುದ್ರವನ್ನು ಕಾಣದವನಿಗೆ ಹಡಗಿನ ಮೇಲೆ ಇರುವಷ್ಟು ಮೋಹ, ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಇರಲಾರದು. ನಾನು ಸಿಂಧನೂರು ಸೀಮೆಯವನು. ನಮ್ಮೂರು ದಢೇಸುಗೂರು. ಊರಿನ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಸೇತುವೆ ದಾಟಿದರೆ ಸಿರುಗುಪ್ಪದ ಸೀಮೆ. ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಹೀಗೆ ನೀರಿಗೇನೂ ಕೊರತೆಯಿಲ್ಲದಿದ್ದರೂ ನಾವು ಕಂಡ ನೌಕೆ ಒಂದೇ: ಹರಿಗೋಲು.

ಹರಿಗೋಲನ್ನು ನೌಕೆಯೆಂದು ಕರೆದರೆ ನೌಕಾಪಡೆಯವರು ನಗಬಹುದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯ ಹಾಗೆ ದುಂಡಗೆ ಹೆಣೆದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಆಮೇಲೆ ತಾಡಪತ್ರಿ ಹೊದಿಸಿ ಡಾಂಬರು ಬಳಿಯತೊಡಗಿದರು. ಅಷ್ಟೇ ಅದರ ಶಿಲ್ಪ. ಆದರೆ ವಯಸ್ಸಿನಲ್ಲಿ ಅದು ಸಣ್ಣದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಇದೇ ಬುಟ್ಟಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಹದಿನೈದು ಇಪ್ಪತ್ತು ಜನ ಕೂಡಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ಗರಗರ ಸುತ್ತುತ್ತಲೇ ಹೋಗುತ್ತವೆ ಎಂದು. ಐದು ನೂರು ವರ್ಷವಾದರೂ ಅವು ಸುತ್ತುವುದನ್ನು ಬಿಟ್ಟಿಲ್ಲ.

ಇಂಥ ಊರಿನಿಂದ ಹೊರಟು ನಾನು ಎರಡು ಸಲ ಹಡಗು ನೋಡಲು ಕಾರವಾರಕ್ಕೆ ಹೋದೆ. ಮೊದಲ ಸಲ ಮಾಡಿದ ತಪ್ಪನ್ನು ಎರಡನೆಯ ಸಲ ಒಪ್ಪಿಕೊಂಡೆ. ಈ ಬರಹದ ಸಾರಾಂಶ ಇಷ್ಟೇ, ಉಳಿದದ್ದು ವಿವರ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ, ‘ಐ.ಎನ್.ಎಸ್. ಚಪಲ್’ ಎಂಬ ಯುದ್ಧನೌಕೆಯನ್ನು ನೆಲದ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಇಪ್ಪತ್ತೊಂದು ವರ್ಷದ ತರುಣ ರವೀಂದ್ರರು 1882ರಲ್ಲಿ ಈ ಊರಿಗೆ ಬಂದು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದರೆಂದು ತೀರಕ್ಕೆ ಅವರ ಹೆಸರು. ಕವಿಯ ಹೆಸರಿನ ಉಸುಕಿನ ಮೇಲೆ ಕ್ಷಿಪಣಿಯ ಹಡಗು ನಿಂತಿರುವುದು ವಿಚಿತ್ರವಾಗಿ ಕಾಣಬಹುದು. ಮಕ್ಕಳಿಗೆ ಮಾತ್ರ ಹಾಗೇನೂ ಕಾಣುವುದಿಲ್ಲ. ಅವರು ಬಸ್ಸಿನಿಂದ ಇಳಿದವರೇ ಹಡಗಿನ ಕಡೆ ಓಡುತ್ತಾರೆ.

ನಾನು ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಒಂದು ವರ್ಷ ಪ್ರವಾಸಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹಡಗಿನ ಮೇಲೆ ಹತ್ತಿ, ಗಾಳಿಗೆ ಧೋತರ ಹಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಪಶ್ಚಿಮಕ್ಕೆ ಚಾಚಿ ಪಾಠ ಹೇಳಿದೆ. “1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಬಂದರಕ್ಕೆ ಬೆಂಕಿ ಹಚ್ಚಿದ ಹಡಗು ಇದೇ. ನೀವು ನಿಂತಿರುವುದು ಇತಿಹಾಸದ ಮೇಲೆ!” ಮಕ್ಕಳು ಚಪ್ಪಾಳೆ ತಟ್ಟಿದರು. ಸುತ್ತ ನಿಂತಿದ್ದ ಬೇರೆ ಊರಿನ ಪ್ರವಾಸಿಗಳೂ ತಟ್ಟಿದರು. ಮಾಸ್ತರಿಕೆಯಲ್ಲಿ ಅಂಥ ಚಪ್ಪಾಳೆ ದಿನಾ ಸಿಗುವುದಿಲ್ಲ.

ಊರಿಗೆ ಮರಳಿ ಹದಿನೈದು ದಿನವಾಗಿರಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ಭತ್ತದ ಗದ್ದೆಯ ಕೂಲಿಯವರ ಮಗಳು, ಮಾತು ಕಡಿಮೆ. “ಸರ್, ಆ ಹಡಗು ಪಡಿಗೆ ಸೇರಿದ್ದು 1976ರಾಗಂತ. 1976ರಾಗ ಹುಟ್ಟಿದ್ದು 1971ರಾಗ ಹೆಂಗ ಯುದ್ಧಾ ಮಾಡ್ತೈತ್ರೀ?”

ತರಗತಿಯಲ್ಲಿ ನಗೆ ಎದ್ದಿತು. ಆ ನಗೆ ಯಾರ ಮೇಲೆ ಎಂದು ನಾನು ವಿಚಾರ ಮಾಡಲಿಲ್ಲ. “ಪುಸ್ತಕದಾಗ ಇಲ್ಲದ್ದು ಕೇಳಬ್ಯಾಡ, ಕುಂದ್ರು” ಎಂದೆ. ಅವಳು ಕೂತಳು.

ಅವಳು ಹೇಳಿದ್ದೇ ಸರಿ. ಆ ರಾತ್ರಿಯೇ ಹುಡುಕಿ ನೋಡಿದೆ. ‘ಚಪಲ್’ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. 1971ರಲ್ಲಿ ಕರಾಚಿಯ ಮೇಲೆ ಹೋದವು ಅದರ ಅಕ್ಕಂದಿರು: ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಅವೂ ಸೋವಿಯತ್ ದೇಶದಲ್ಲಿ ಕಟ್ಟಿದವೇ, ಇದರ ಜಾತಿಯವೇ. ಕರಾವಳಿಯ ಕಾವಲಿಗೆಂದು ಮಾಡಿದ ಚಿಕ್ಕ ದೋಣಿಗಳು. ಬಹಳ ದೂರ ಹೋಗುವಷ್ಟು ಎಣ್ಣೆ ಹಿಡಿಸುವುದಿಲ್ಲ. ಅಂಥವನ್ನು ಶತ್ರುವಿನ ಬಂದರದ ಬಾಗಿಲಿಗೇ ಒಯ್ದು ಕ್ಷಿಪಣಿ ಬಿಟ್ಟದ್ದು ಆ ರಾತ್ರಿಯ ಸಾಹಸ. ಪಾಕಿಸ್ತಾನದ ‘ಖೈಬರ್’ ಮತ್ತು ‘ಮುಹಾಫಿಜ್’ ಹಡಗುಗಳು ಮುಳುಗಿದವು. ನಾಲ್ಕು ದಿನದ ಮೇಲೆ ‘ವಿನಾಶ್’ ಹೋಗಿ ಎಣ್ಣೆಯ ಕೊಠಾರಗಳಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುವುದು ಇದೇ ನೆನಪಿಗೆ. ಇಷ್ಟರಲ್ಲಿ ‘ಚಪಲ್’ ಎಲ್ಲೂ ಇಲ್ಲ. ಆಗಿನ್ನೂ ಅದು ನಮ್ಮ ಪಡೆಗೇ ಬಂದಿರಲಿಲ್ಲ.

ನಾನು ಎಲ್ಲಿಯೋ ಓದಿದ್ದೆ, ಯಾರೋ ಹೇಳಿದ್ದರು, ಪರೀಕ್ಷಿಸದೆ ಹೇಳಿಬಿಟ್ಟಿದ್ದೆ. ಸಂಸ್ಕೃತದಲ್ಲಿ ಚಪಲ ಎಂದರೆ ಚುರುಕು, ಚಂಚಲ. ಹಡಗಿಗೆ ಒಪ್ಪುವ ಹೆಸರು. ಕನ್ನಡದಲ್ಲಿ ಚಪಲ ಎಂದರೆ ಏನೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಹಡಗಿನದು ಸಂಸ್ಕೃತದ ಚಪಲ, ನನ್ನದು ಕನ್ನಡದ್ದು. ಮಾತಿನ ಚಪಲಕ್ಕೆ ಮದ್ದಿಲ್ಲ ಎಂದು ಹಿರಿಯರು ಹೇಳುವುದು ಸುಳ್ಳಲ್ಲ.

ಮರುದಿನ ತರಗತಿಗೆ ಹೋಗಿ “ನಾನು ಹೇಳಿದ್ದು ತಪ್ಪು, ಆಕೆ ಹೇಳಿದ್ದು ಸರಿ” ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಪರೀಕ್ಷೆ ಬಂತು, ರಜೆ ಬಂತು, ಆ ತರಗತಿ ಮುಂದಕ್ಕೆ ಹೋಯಿತು. ನಾನು ನಿವೃತ್ತನಾದೆ.

ಇನ್ನು ಅಂಬಿಗರ ಕಾಕಾನ ವಿಷಯ.

ನನ್ನ ತಾಯಿಯ ತವರು ಹೊಳೆಯ ಆಚೆ. ಸೇತುವೆಯ ರಸ್ತೆ ಹಿಡಿದು ಸುತ್ತಿ ಹೋಗುವ ಬದಲು ಹರಿಗೋಲು ಹತ್ತಿ ನೇರ ದಾಟುವುದು ನಮಗೆಲ್ಲ ರೂಢಿ. ಸೇತುವೆ ಬಸ್ಸಿನವರಿಗೆ, ಹರಿಗೋಲು ಗದ್ದೆಯವರಿಗೆ ಎಂದು ಹೊಳೆ ತಾನೇ ಹಂಚಿಕೊಟ್ಟ ಹಾಗಿತ್ತು. ನಾಟಿಯ ದಿನಗಳಲ್ಲಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಕೂಲಿಯ ಹೆಣ್ಣುಮಕ್ಕಳನ್ನು ದಾಟಿಸುತ್ತಿದ್ದವನು ಕಾಕಾ. ಸಂಜೆ ಹರಿಗೋಲನ್ನು ಬೆನ್ನ ಮೇಲೆ ಬೋರಲು ಹೊತ್ತು ದಂಡೆ ಏರಿ ಬರುವಾಗ ದೊಡ್ಡ ಆಮೆಯೊಂದು ಎರಡು ಕಾಲ ಮೇಲೆ ನಡೆದು ಬಂದಂತೆ ಕಾಣುತ್ತಿದ್ದ. ನಮ್ಮ ಕಡೆ ಕಾಕಾನಿಗೆ ಏಕವಚನವೇ ಪ್ರೀತಿ. ಅವನು ಮಾತ್ರ ನನಗೆ ನೌಕರಿ ಸಿಕ್ಕ ದಿನದಿಂದ ನನ್ನನ್ನು ಬಹುವಚನಕ್ಕೆ ಏರಿಸಿಬಿಟ್ಟಿದ್ದ.

ಕರಾಚಿ ಸುಟ್ಟ ಹಡಗಿನ ಸುದ್ದಿ ಮಕ್ಕಳ ಬಾಯಿಂದ ಊರಿಗೆ ಬಂದು ಕಾಕಾನ ಕಿವಿಗೂ ಬಿದ್ದಿತ್ತು. ಅದನ್ನು ಅವನು ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದ. ಸಾಕ್ಷಿಗೆ “ನಮ್ಮ ಮಾಸ್ತರು ಕಣ್ಣಾರೆ ನೋಡ್ಯಾರ” ಎನ್ನುತ್ತಿದ್ದ. ಅವನ ಮೊಮ್ಮಗ ಅದೇ ಕಥೆ ಕೇಳಿ ನೌಕಾಪಡೆ ಸೇರುತ್ತೇನೆಂದು ಹಟ ಹಿಡಿದಿದ್ದ. ನಾನು ನಿವೃತ್ತನಾದ ಮರುವರ್ಷ, ಸುಗ್ಗಿ ಮುಗಿದ ಮೇಲೆ, ಕಾಕಾ ಮನೆಗೆ ಬಂದು ಕೂತ. “ಮಾಸ್ತರ, ನಂದೂ ಎಂಬತ್ತರ ಸನೇಕ ಬಂತು. ಹುಡುಗನ್ನ ಕರಕೊಂಡು ಆ ಹಡಗ ಒಂದು ತೋರಿಸಿಬಿಡ್ರಿ. ಸಾಯೂದ್ರಾಗ ಒಂದು ಖರೇ ಹಡಗ ನೋಡಬೇಕು.”

‘ಖರೇ ಹಡಗ’ ಎಂಬ ಮಾತು ನನ್ನನ್ನು ಚುಚ್ಚಿತು. ಆದರೆ ಇಲ್ಲವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೂಂ ಎಂದೆ.

ಸಿಂಧನೂರಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಾರವಾರ. ಯಲ್ಲಾಪುರದವರೆಗೂ ನಿದ್ದೆ ಮಾಡಿದ ಕಾಕಾ ಅರಬೈಲು ಘಟ್ಟದಲ್ಲಿ ಎಚ್ಚರಾಗಿ ಕಿಟಕಿಯ ಹೊರಗೆ ನೋಡಿದ. “ಇಷ್ಟು ಗಿಡ ಅದಾವಲ್ಲ, ಇವರಿಗೆ ಕಟ್ಟಿಗಿ ತ್ರಾಸ ಇಲ್ಲ ಬಿಡ್ರಿ” ಎಂದ. ಆಮೇಲೆ ಅಂಕೋಲೆ ದಾಟಿ ಸಮುದ್ರ ಕಾಣುವವರೆಗೂ ಮಾತಾಡಲಿಲ್ಲ.

ಸಮುದ್ರವನ್ನು ಅವನು ನೋಡಿದ ರೀತಿ ಬೇರೆ. ನಾವು ಮೊದಲ ಸಲ ನೋಡಿದಾಗ ‘ಅಬ್ಬಾ, ಎಷ್ಟು ನೀರು’ ಎನ್ನುತ್ತೇವೆ. ಅವನು ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ನಾಲಗೆಗೆ ಹಚ್ಚಿ, ಉಗುಳಿ, ಉಗುಳಿದ್ದು ಅಪಚಾರವಾಯಿತೆಂದು ಕೈ ಮುಗಿದು, ಕೊನೆಗೆ ಕೇಳಿದ: “ಇದರ ಮ್ಯಾಲುಗಡಿ ಯಾವುದು, ಕೆಳಗಡಿ ಯಾವುದು? ಯಾವ ಕಡಿ ಹರೀತೈತಿ?” ಎಲ್ಲ ಕಡೆಗೂ ಹೋಗುತ್ತದೆ, ಎಲ್ಲ ಕಡೆಯಿಂದಲೂ ಬರುತ್ತದೆ ಎಂದೆ. “ಹಂಗಾದ್ರ ಇದು ನಮ್ಮ ಹರಿಗೋಲಿನ ಜಾತಿ” ಎಂದು ಸಮಾಧಾನಪಟ್ಟ.

ನಮ್ಮ ಹೊಳೆಯ ನೀರೂ ಇಲ್ಲಿಗೇ ಬರುತ್ತದೆಂದು ಅವನ ನಂಬಿಕೆ. ಅಲ್ಲ ಎಂದು ತಿಳಿಸಬೇಕಾಯಿತು. ತುಂಗೆ ಭದ್ರೆ ಇಬ್ಬರೂ ಹುಟ್ಟುವುದು ಚಿಕ್ಕಮಗಳೂರಿನ ಗಂಗಾಮೂಲದಲ್ಲಿ, ಈ ಪಡುಗಡಲಿಗೆ ಹತ್ತಿರದಲ್ಲೇ. ಹತ್ತಿರದ ಸಮುದ್ರವನ್ನು ಬೆನ್ನ ಹಿಂದೆ ಬಿಟ್ಟು, ಕೂಡಲಿಯಲ್ಲಿ ಒಂದಾಗಿ, ನಮ್ಮೂರ ಮುಂದೆ ಹಾದು, ಕೃಷ್ಣೆಯನ್ನು ಸೇರಿ, ದೂರದ ಮೂಡುಗಡಲಿಗೆ ಹೋಗುತ್ತಾರೆ. ಇದನ್ನು ಕೇಳಿ ಕಾಕಾ, “ನಮ್ಮ ಮಂದಿಗೆ ಉಪಕಾರ ಆಗ್ಲಿ ಅಂತ ದೂರದ ಹಾದಿ ಹಿಡದಾಳ” ಎಂದ. ಭೂಗೋಳದ ಪುಸ್ತಕದಲ್ಲಿ ಇಷ್ಟು ಒಳ್ಳೆಯ ಕಾರಣ ನಾನು ಓದಿರಲಿಲ್ಲ.

ಹಡಗಿನ ಹತ್ತಿರ ಹೋದೆವು. ಸುಮಾರು 38 ಮೀಟರ್ ಉದ್ದ. ಎರಡು ಬದಿಗೂ ಎರಡೆರಡರಂತೆ, ಗುಡಾಣಗಳನ್ನು ಅಡ್ಡ ಮಲಗಿಸಿದ ಹಾಗೆ, ನಾಲ್ಕು ಕ್ಷಿಪಣಿಯ ಪೆಟ್ಟಿಗೆಗಳು. ಮುಂದೊಂದು ಹಿಂದೊಂದು ಜೋಡಿ ತೋಪು. ಮೂರು ಡೀಸೆಲ್ ಎಂಜಿನ್ನುಗಳು. ಗಂಟೆಗೆ 65 ಕಿಲೋಮೀಟರಿಗೂ ಮೀರಿ ಓಡುತ್ತಿತ್ತಂತೆ. ಹಡಗಿನಲ್ಲಿ ಅದು ಕುದುರೆಯ ಓಟವೇ ಸರಿ. ಒಳಗೆ ನಾವಿಕರ ಗೊಂಬೆಗಳನ್ನು ನಿಲ್ಲಿಸಿ ಯಾರು ಯಾವ ಕೆಲಸ ಮಾಡುತ್ತಿದ್ದರೆಂದು ತೋರಿಸಿದ್ದರು. ಇಕ್ಕಟ್ಟಾದ ಓಣಿಗಳು, ಗೋಡೆಗೆ ಅಂಟಿದ ಮಂಚಗಳು, ತಲೆ ತಾಗುವ ಬಾಗಿಲುಗಳು. ಮೂವತ್ತರಷ್ಟು ಜನ ಇಂಥ ಜಾಗದಲ್ಲಿ ದಿನಗಟ್ಟಲೆ ಇರುತ್ತಿದ್ದರೆಂಬುದು, ನಿಂತು ನೋಡಿದ ಮೇಲೂ ನಂಬಲು ಕಷ್ಟ. ಮೊಮ್ಮಗ ಒಂದೊಂದು ಗೊಂಬೆಯ ಮುಂದೆಯೂ ಸೆಟೆದು ನಿಂತು ಸಲಾಮು ಹೊಡೆದ.

ಕಾಕಾನ ಲಕ್ಷ್ಯ ಮೇಲಿನ ಕ್ಷಿಪಣಿಗಳ ಮೇಲೆ ಇರಲಿಲ್ಲ. ಅವನು ಕೆಳಗಿಳಿದು ಹಡಗಿನ ತಳ ನೋಡತೊಡಗಿದ. ನೆಲದ ಮೇಲಿನ ಹಡಗಿನ ವಿಶೇಷವೇ ಇದು. ನೀರಿನಲ್ಲಿದ್ದಾಗ ಯಾರಿಗೂ ಕಾಣದ ಭಾಗ ಇಲ್ಲಿ ಎಲ್ಲರಿಗೂ ಕಾಣುತ್ತದೆ. ತಳದ ಕಬ್ಬಿಣಕ್ಕೆ ಅಂಗೈ ಒತ್ತಿ, ಬೆರಳಿನ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿ, “ಎಷ್ಟು ವರ್ಷ ನೀರಾಗಿತ್ತು?” ಎಂದು ಕೇಳಿದ.

1976ರ ನವೆಂಬರಿನಿಂದ 2005ರ ಮೇ 5ರವರೆಗೆ, ಇಪ್ಪತ್ತೆಂಟೂವರೆ ವರ್ಷ. ಹೇಳಿಬಿಟ್ಟೆ. ಹೇಳಿದ ಮೇಲೆ ಎದೆ ಧಸಕ್ಕೆಂದಿತು. ಆದರೆ ಕಾಕಾ ಓದು ಬಾರದವನು; ಇಸವಿಗಳನ್ನು ಹಿಡಿದು ಕೂಡಿಸಿ ಕಳೆಯುವವನಲ್ಲ. ಅವನು ತಲೆಯಾಡಿಸಿ ಮುಂದೆ ನಡೆದ. ಈ ಸಲವೂ ಪಾರಾಗಬಹುದಿತ್ತು.

ಪಾರಾಗಲು ಬಿಡದೆ ಇದ್ದವನು ಹುಡುಗ. ಅವನು ಬಂದವನೇ ಇನ್ನೊಬ್ಬ ಪ್ರವಾಸಿ ಹುಡುಗನಿಗೆ ದೊಡ್ಡ ದನಿಯಲ್ಲಿ, “ಕರಾಚಿ ಸುಟ್ಟಿದ್ದು ಇದ ಹಡಗ. ನಮ್ಮ ಮಾಸ್ತರು ಹೇಳ್ಯಾರ” ಎಂದ. ಅದೇ ಮಾತು, ಅದೇ ಸ್ವರ, ಕೈ ಚಾಚಿದ ರೀತಿಯೂ ಅದೇ. ನನ್ನ ಸುಳ್ಳು ನನಗಿಂತ ಚೆನ್ನಾಗಿ ಬೆಳೆದು ಎದುರು ನಿಂತಿತ್ತು.

ಸಂಜೆ ಉಸುಕಿನ ಮೇಲೆ ಚುರುಮುರಿ ತಿನ್ನುತ್ತ ಕೂತಾಗ ಇಬ್ಬರಿಗೂ ಹೇಳಿದೆ. ಕರಾಚಿಗೆ ಹೋದ ಹಡಗುಗಳ ಹೆಸರು ಹೇಳಿದೆ. ಗೆದ್ದದ್ದಷ್ಟೇ ಹೇಳಿದರೆ ಅದೂ ಅರ್ಧ ಸುಳ್ಳಾಗುತ್ತದೆಂದು, ಅದೇ ಯುದ್ಧದಲ್ಲಿ ಡಿಸೆಂಬರ್ 9ರಂದು ನಮ್ಮ ‘ಖುಕ್ರಿ’ ಮುಳುಗಿ 194 ಜನ ಹೋದದ್ದನ್ನೂ, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಹೋದದ್ದನ್ನೂ ಹೇಳಿದೆ. ಆ ಯುದ್ಧದಲ್ಲಿ ಬಂಗಾಲದ ಕಡಲಿನಲ್ಲಿ ಖರೇ ಹೋರಾಡಿದ ದೊಡ್ಡ ಹಡಗು ‘ವಿಕ್ರಾಂತ್’ ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯಲು ಹೋಗಿ, ಅದರ ಲೋಹದ ಒಂದಂಶ 2016ರಲ್ಲಿ ಬಂದ ಬಜಾಜ್ ಮೋಟಾರು ಸೈಕಲಿಗೆ ಸೇರಿತೆಂದೂ ಹೇಳಿದೆ. ಹೋರಾಡಿದ್ದು ಒಡೆದುಹೋಯಿತು, ಆಗ ಹುಟ್ಟದೇ ಇದ್ದದ್ದು ಅದರ ಕೀರ್ತಿಯನ್ನೂ ಹೊತ್ತು ನಿಂತಿದೆ. ಹೊರಿಸಿದವರಲ್ಲಿ ನಾನೂ ಒಬ್ಬ. ಕೊನೆಗೆ, ಕೈ ಎತ್ತಿದ ಹುಡುಗಿಯ ವಿಷಯವನ್ನೂ ಹೇಳಿದೆ.

ಹುಡುಗನ ಮುಖ ಸಣ್ಣದಾಯಿತು. ಹಡಗಿನ ಕಡೆ ಹೊರಳಿ ನೋಡಿದ. ಹತ್ತು ನಿಮಿಷದ ಹಿಂದೆ ಇದ್ದಷ್ಟು ದೊಡ್ಡದಾಗಿ ಅದು ಅವನಿಗೆ ಕಾಣಲಿಲ್ಲವೆಂದು ತೋರುತ್ತದೆ.

ಕಾಕಾ ಚುರುಮುರಿಯ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. “ಇಪ್ಪತ್ತೆಂಟೂವರಿ ವರ್ಷ ನೀರಾಗ ಹೋಗಿ ಹೋಗಿ ಬಂದೈತಿ ಅಂತೀರಿ. ಕಡೀಕ ದಂಡಿಗೆ ಬಂದು ಕುಂತೈತಿ. ಅದು ಸಣ್ಣ ಮಾತೇನ್ರಿ? ಹಡಗಿನ ಕೆಲಸ ಮಂದೀನ ಒಯ್ಯೂದು, ತಿರುಗಿ ತರೂದು. ಸುಡೂ ಕೆಲಸ ಎಂದರ ಒಮ್ಮೆ ಬಂದೀತು. ಅದಕ್ಕ ಬ್ಯಾರೇದವರ ಕಿರೀಟ ಯಾಕ ಇಡಬೇಕು?” ಎಂದ. ಆಮೇಲೆ ಮೊಮ್ಮಗನ ಕೈಗೆ ರೊಕ್ಕ ಕೊಟ್ಟು, “ಹೋಗು, ಮೂರು ಚಾ ತಗೊಂಬಾ” ಎಂದು ಕಳಿಸಿದ.

ಹುಡುಗ ದೂರ ಹೋಗುವವರೆಗೆ ಕಾದು, ಸಮುದ್ರದ ಕಡೆ ಮುಖಮಾಡಿಯೇ ಕೇಳಿದ: “ಊರಾಗ ನನ್ನ ಬಗ್ಗೆ ಏನಂತಾರ, ಮಾಸ್ತರ?”

ಊರೆಲ್ಲ ಬಲ್ಲ ಮಾತು. ಕಾಕಾನ ಹರಿಗೋಲಿನಲ್ಲಿ ಒಂದು ಜೀವವೂ ಹೋಗಿಲ್ಲ ಎಂದು. ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ; ನಾನೂ ಹೇಳಿದ್ದೇನೆ.

“ಒಂದು ಹೋಗೈತ್ರಿ.”

ಬಹಳ ವರ್ಷದ ಹಿಂದಿನ ಮಾತು. ಮಳೆಗಾಲ, ಮೇಲೆ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನಾಟಿ ಮುಗಿಸಿದ ಹೆಣ್ಣುಮಕ್ಕಳು ಕತ್ತಲಾಗುವ ಹೊತ್ತಿಗೆ ದಂಡೆಗೆ ಬಂದರು. ಆ ಹರಿಗೋಲಿಗೆ ಹನ್ನೆರಡು ಜನ ಸರಿ. ಅಂದು ಹದಿನೈದು ಜನ ಇದ್ದರು. “ಮೂರು ಮಂದಿ ಸಲುವಾಗಿ ಇನ್ನೊಂದು ಸುತ್ತ ಬರಾಕ ನನಗ ಬ್ಯಾಸರಾತು. ಏರ್ರಿ ಅಂದೆ. ದಂಡಿ ಇನ್ನ ಹತ್ತು ಮಾರು ಐತಿ ಅನ್ನೂದ್ರಾಗ ಒಂದು ಸುಳಿ ಹಿಡೀತು. ನೀರು ಒಳಗ ಬಂತು. ಹದಿನಾಲ್ಕು ಮಂದಿ ದಂಡಿ ಹತ್ತಿದ್ರು. ಒಬ್ಬಾಕಿ ಸಣ್ಣ ಹುಡುಗಿ, ಅವ್ವನ ಕೈ ಬಿಟ್ಟು ಹೋತು.”

ಊರವರು ಬಂದಾಗ ಯಾರೋ, ಹುಡುಗಿ ದಂಡೆಯಲ್ಲಿ ಇಳಿಯುವಾಗ ಕಾಲು ಜಾರಿತು ಎಂದರು. ಅವನನ್ನು ಉಳಿಸಬೇಕೆಂದು ಹೇಳಿದರೋ, ಕತ್ತಲೆಯಲ್ಲಿ ಹಾಗೆಯೇ ಕಂಡಿತೋ ತಿಳಿಯದು. “ನಾನೂ ಹೂಂ ಅಂದೆ. ಅಷ್ಟ. ಆವತ್ತಿನಿಂದ ಯಾರಾರ ‘ನಿನ್ನ ಹರಿಗೋಲಿನ್ಯಾಗ ಒಂದು ಜೀವಾನೂ ಹೋಗಿಲ್ಲ’ ಅಂದ್ರ ಆ ಹೂಂ ಗಂಟಲಾಗ ಸಿಕ್ಕೊಂತೈತಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಹದಿಮೂರನೇದಾಕಿನ್ನ ನಾ ಎಂದೂ ಏರಿಸಲಿಲ್ಲ ಆಮ್ಯಾಲ. ಬೈತಿದ್ರು. ಸೊಕ್ಕ ಬಂದೈತಿ ಅಂತಿದ್ರು.”

ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ನನ್ನ ಹತ್ತಿರ ಇರಲಿಲ್ಲ. ಹುಡುಗ ಚಹ ತಂದ. ಮೂವರೂ ಕುಡಿದೆವು.

ಹೊತ್ತು ಮುಳುಗಿತು. ದೂರದಲ್ಲಿ ಮೀನುದೋಣಿಗಳ ದೀಪ ಕಂಡವು. ಈ ಕರಾವಳಿಯ ದೋಣಿಯವರೆಲ್ಲ ಎಲ್ಲಿ ಇರುತ್ತಾರೆಂದು ಕಾಕಾ ಕೇಳಿದ. ಕಾರವಾರದ ದಕ್ಷಿಣಕ್ಕೆ ಅರಗಾದಲ್ಲಿ ನೌಕಾಪಡೆಯ ದೊಡ್ಡ ನೆಲೆಯಿದೆ. 1986ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಿಂದ ಆರಂಭವಾಯಿತು. ‘ಚಪಲ್’ ನಿವೃತ್ತಿಯಾಗಿ ಆಗಿನ್ನೂ ಒಂದು ತಿಂಗಳು ತುಂಬಿರಲಿಲ್ಲ. ಆ ನೆಲೆಗಾಗಿ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಂಡೆ ಬಿಟ್ಟು ಹೋಗಬೇಕಾಯಿತು. ಹಡಗಿಗೆ ದಂಡೆ ಬೇಕು. ದೇಶಕ್ಕೆ ಹಡಗು ಬೇಕು. ಬೇಡವೆನ್ನಲು ನಾನು ಯಾರು? ಆದರೆ ಕಾಕಾ ಕೇಳಿದ ಪ್ರಶ್ನೆಯೂ ಇತ್ತು: “ಬಿಟ್ಟು ಹೋದವರ ದೋಣಿ ಯಾರಾರ ಇಲ್ಲಿ ತಂದು ಇಟ್ಟಾರೇನ್ರಿ?” ನಾನು ಕಂಡಷ್ಟರಲ್ಲಿ ಇರಲಿಲ್ಲ.

ಊರಿಗೆ ಮರಳಿದ ಮೇಲೆ ನಾನು ಮಾಡಿದ್ದು ಎರಡು ಕೆಲಸ.

ಮೊದಲನೆಯದು, ಆ ಹುಡುಗಿಯನ್ನು ಹುಡುಕಿದ್ದು. ಅವಳು ಹುಡುಗಿಯಾಗಿ ಉಳಿದಿರಲಿಲ್ಲ. ಲಿಂಗಸುಗೂರಿನ ಕಡೆ ಒಂದು ಶಾಲೆಯಲ್ಲಿ ತಾನೇ ಟೀಚರು. ಫೋನಿನಲ್ಲಿ ನನ್ನ ಹೆಸರು ಹೇಳಿದೊಡನೆ ಎದ್ದು ನಿಂತಳೆಂದು ದನಿಯಿಂದಲೇ ತಿಳಿಯಿತು. ವಿಷಯ ಹೇಳಿದೆ. ನೀನು ಹೇಳಿದ್ದು ಸರಿ, ನಾನು ಕೂರಿಸಿದ್ದು ತಪ್ಪು ಎಂದೆ. ಮರೆತಿದ್ದೇನೆ ಸರ್ ಎನ್ನುತ್ತಾಳೆಂದು ಒಳಗೊಳಗೇ ಆಸೆ ಇತ್ತು. ಅವಳು ಮರೆತಿರಲಿಲ್ಲ.

“ಅವತ್ತಿನಿಂದ ನಿಮ್ಮ ಕ್ಲಾಸಿನ್ಯಾಗ ನಾ ಕೈ ಎತ್ತಲಿಲ್ಲ ಸರ್” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರ ನೀವು ಹೇಳಿದ್ದನ್ನೆಲ್ಲಾ ಮನೀಗೆ ಹೋಗಿ ಇನ್ನೊಮ್ಮೆ ಓದಿ ನೋಡ್ತಿದ್ದೆ.”

ಮಾಸ್ತರನೊಬ್ಬನಿಗೆ ಇದನ್ನು ಹೊಗಳಿಕೆಯೆಂದೂ ತೆಗೆದುಕೊಳ್ಳಬಹುದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ.

ಎರಡನೆಯದು ಹರಿಗೋಲಿನ ವಿಷಯ. ಕಾಕಾನ ಕೊನೆಯ ಹರಿಗೋಲು ದನದ ಕೊಟ್ಟಿಗೆಯಲ್ಲಿ ಬೋರಲು ಬಿದ್ದು, ಕೋಳಿಗಳಿಗೆ ಮನೆಯಾಗಿತ್ತು. ಶಾಲೆಯ ಪಡಸಾಲೆಯಲ್ಲಿ ಜಾಗ ಕೇಳಿದೆ. ಈಗಿನ ಮಾಸ್ತರರು ಸಂತೋಷದಿಂದ ಕೊಟ್ಟರು. ಕೋಳಿಗಳನ್ನು ಒಕ್ಕಲೆಬ್ಬಿಸಿ, ಬಿದಿರಿನ ಸೀಳು ಮುರಿದಲ್ಲಿ ಹೊಸದು ಹೆಣೆದು, ಮೇಲೊಂದು ಸುತ್ತು ಡಾಂಬರು ಬಳಿದು ತಂದಿಟ್ಟೆವು. ಹುಟ್ಟನ್ನು ಗೋಡೆಗೆ ಒರಗಿಸಿದೆವು. ಒಂದು ಹಲಗೆ ಬೇಕಲ್ಲ. ಪಾಯೆಸ್, ವಿಜಯನಗರ, ಐದು ನೂರು ವರ್ಷ ಎಂದೆಲ್ಲ ಸೇರಿಸಿ ನಾನು ಅರ್ಧ ಪುಟ ಬರೆದುಕೊಂಡು ಹೋಗಿ ಕಾಕಾನಿಗೆ ಓದಿ ಹೇಳಿದೆ. ಚಪಲ ಅಷ್ಟು ಬೇಗ ಹೋಗುವುದಿಲ್ಲ.

ಕಾಕಾ ಪೂರ್ತಿ ಕೇಳಿದ. “ಛಲೋ ಐತಿ. ಆದ್ರ ಹಡಗಿನ ಮ್ಯಾಲೆ ಎಷ್ಟು ಮಂದಿ ಅಂತ ಬರೀತಾರಲ್ಲ, ಅದು ಬರದಿಲ್ಲ” ಎಂದ. ಬರೆದುಕೊಳ್ಳಿರೆಂದು ತಾನೇ ಹೇಳಿದ. ನಾನು ಬರೆದುಕೊಂಡೆ. ಇದನ್ನು ಹಾಕಲೇಬೇಕೇ ಕಾಕಾ, ಊರವರು ಏನಂದಾರು, ಆ ಹುಡುಗಿಯ ಮನೆಯವರು ಏನಂದಾರು ಎಂದು ಕೇಳಿದೆ. “ಅವರಿಗೆ ನಾ ನಿನ್ನೇನ ಹೋಗಿ ಹೇಳಿ ಬಂದೀನಿ” ಎಂದ. ಅವರು ಏನೆಂದರೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾಕಾ ಈಗ ಇಲ್ಲ. ಮೊಮ್ಮಗ ನೌಕಾಪಡೆಯ ಪರೀಕ್ಷೆಗೆ ಓದುತ್ತಿದ್ದಾನೆ. ಕರಾಚಿಯ ಕಥೆಯನ್ನು ಈಗಲೂ ಹೇಳುತ್ತಾನೆ. ಹಡಗುಗಳ ಹೆಸರು ಮಾತ್ರ ಸರಿಯಾಗಿ ಹೇಳುತ್ತಾನೆ. ಹರಿಗೋಲು ಪಡಸಾಲೆಯಲ್ಲಿದೆ. ಮಳೆ ಬಂದ ದಿನ ಚಿಕ್ಕ ಮಕ್ಕಳು ಅದರೊಳಗೆ ಕೂತು ಊಟ ಮಾಡುತ್ತಾರೆ. ಎಷ್ಟು ಜನ ಕೂಡಬಹುದೆಂದು ಯಾರೂ ಅವರಿಗೆ ಹೇಳಬೇಕಾಗಿಲ್ಲ. ಓದು ಬರುವ ಮಕ್ಕಳು ತಾವೇ ಎಣಿಸಿ, ಹದಿಮೂರನೆಯವನನ್ನು ಇಳಿಸುತ್ತಾರೆ. ಹಲಗೆಯ ಮೇಲೆ, ಪಾಯೆಸನ ಕೆಳಗೆ, ಕಾಕಾನ ಮಾತು ಅವನು ಹೇಳಿದ ಹಾಗೆಯೇ ಇದೆ:

“ಇದರಾಗ ಹನ್ನೆರಡು ಮಂದಿ ಕುಂದ್ರಬೇಕು. ಹದಿನೈದು ಮಂದಿ ಏರಿಸಿದ ದಿನ ಒಂದು ಜೀವ ಹೋತು.”